ಗುಳ್ಳೆ ನಿಲ್ಲುವವರೆಗೆ

ಅಮ್ಮನ ಮಂಚದ ಕೆಳಗಿನಿಂದ,
ಮಂಗಳವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ನಿನ್ನ ಬಾಡಿಗೆ ಕೋಣೆಯ ಬಾಗಿಲು ಗಿಡ್ಡ ಅಂತ, ವಿಳಾಸ ಕೊಟ್ಟ ನಿನ್ನ ಗೆಳೆಯ ಹೇಳಿದ. ಏಣಿಯಂಥ ನೀನು ದಿನಕ್ಕೆಷ್ಟು ಸಲ ತಲೆ ಬಡಿಸಿಕೊಳ್ಳುತ್ತೀಯೋ. ನಾನು ಚೆನ್ನಾಗಿದ್ದೇನೆ. ಅಮ್ಮ ಚೆನ್ನಾಗಿಲ್ಲ. ಎಲ್ಲರೂ ಕ್ಷೇಮ ಅಂತ ಬರಿ ಅಂದಳು, ನಾನು ಒಪ್ಪಲಿಲ್ಲ. ಗೊತ್ತಿಲ್ಲದ್ದನ್ನು ಬರೆಯಲಾಗದೆ ತಾನೇ ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು ಬಂದವನು ನಾನು. ಬಹಳ ಹೊತ್ತು ವಾದ ಮಾಡಿ ಕೊನೆಗೆ ರಾಜಿಗೆ ಬಂದೆವು. ಕಣ್ಣಿನ ವಿಷಯ ಬರೆಯಬಹುದು, ‘ಬಾ’ ಅಂತ ಮಾತ್ರ ಬರೆಯಬಾರದು. “ಅಯ್ಯೋ ಪಾಪ ಅಂತ ಬರೋ ಮಗ ನನಗೆ ಬೇಡ. ತಾನಾಗಿ ಬರ್ತಾನೆ. ದೇವರು ಕಳಿಸ್ತಾನೆ” ಅಂದಳು. ಮಾತು ಕೊಟ್ಟಿದ್ದೇನೆ.

ಅವಳ ಎಡಗಣ್ಣು ಮೊದಲಿನಿಂದಲೂ ಮಂಜು, ನಿನಗೆ ಗೊತ್ತಲ್ಲ. ಹೋದ ವಾರ ಗುಂಡಿ ಹೊಲಿಯುತ್ತಾ ಕೂತಿದ್ದಾಗ ಬಲಗಣ್ಣಿಗೂ ಪರದೆ ಇಳಿದಂತಾಯಿತಂತೆ. ಒಳಪದರ ಕಿತ್ತು ಬಂದಿತ್ತು. ಆಪರೇಷನ್ ಮಾಡಿ, ಪದರವನ್ನು ಅದರ ಜಾಗಕ್ಕೆ ಒತ್ತಿ ಹಿಡಿಯಲು ಕಣ್ಣೊಳಗೆ ಗಾಳಿಯ ಗುಳ್ಳೆ ಬಿಟ್ಟಿದ್ದಾರೆ. ಗುಳ್ಳೆ ಯಾವಾಗಲೂ ಮೇಲಕ್ಕೇ ಹೋಗುತ್ತದೆ. ಕಣ್ಣಿನ ಹಿಂಭಾಗ ಮೇಲಾಗಬೇಕಾದರೆ ಮುಖ ನೆಲ ನೋಡಬೇಕು. ಹಾಗಾಗಿ ಹಗಲೂ ರಾತ್ರಿ ಬೋರಲು. ಊಟಕ್ಕೆ, ಔಷಧಿಯ ಹನಿಗೆ ಮಾತ್ರ ಏಳಬಹುದು. ಗುಳ್ಳೆ ಕರಗುತ್ತಾ ಬಂದ ಹಾಗೆ ಮೇಲಿನ ಅಂಚಿನಿಂದ ಕಾಣಲು ಶುರುವಾಗಬಹುದು, ಆಗದೆಯೂ ಇರಬಹುದು, ಕಾಯಬೇಕು ಅಂದರು ಡಾಕ್ಟರು.

ನಾನೀಗ ನೆಲಕ್ಕೆ ಟೈಲ್ಸ್ ಹಾಕುವ ಕೆಲಸ ಕಲಿಯುತ್ತಿದ್ದೇನೆ. ನಮ್ಮ ಮೇಸ್ತ್ರಿ ಬಂದು ಮಂಚದ ಒಂದು ಹಲಗೆ ಕಿತ್ತು, ಅಮ್ಮನ ಮುಖಕ್ಕೆ ಕಿಂಡಿ ಮಾಡಿ, ಸುತ್ತ ಸ್ಪಂಜು ಕಟ್ಟಿಕೊಟ್ಟರು. ಕೆಳಗೆ ಚಾಪೆ ಹಾಸಿ ನಾನು ಅಂಗಾತ ಮಲಗುತ್ತೇನೆ. ಒಂದು ಪಾಠ ಮುಗಿಯುವವರೆಗೂ ಬೆಂಚಿನ ಮೇಲೆ ಕೂರದವನು ಇಲ್ಲಿ ಗಂಟೆಗಟ್ಟಲೆ ಬಿದ್ದಿರುತ್ತೇನೆ, ನಂಬು. ದೇವರ ಹತ್ತಿರ ಏನು ಬೇಡಿಕೊಂಡೆ ಎಂದು ಅಮ್ಮ ಮೇಲಿನಿಂದ ಕೇಳಿದಳು. ‘ದೇವರೇ, ಬೇಗ’ ಅಂದೆ ಎಂದು ಇದ್ದದ್ದನ್ನೇ ಹೇಳಿದೆ. “ಅದು ಪ್ರಾರ್ಥನೆ ಅಲ್ಲ ಕಣೋ, ಡ್ರೈವರ್‌ಗೆ ಹೇಳೋ ಮಾತು” ಅಂದು ನಕ್ಕಳು. ತಲೆ ಅಲುಗುತ್ತದೆ, ನಗಬೇಡ ಎಂದು ಗದರಿದೆ. ಆಕಾಶ ನೋಡಿ ಕೈಮುಗಿಯುತ್ತಿದ್ದವಳು ಈಗ ನೆಲ ನೋಡಿಕೊಂಡು ಹೇಗೆ ಬೇಡುತ್ತೀಯ ಎಂದರೆ, ದೇವರೇನು ಅಟ್ಟದ ಮೇಲೆ ಮಾತ್ರ ಇದ್ದಾನಾ ಅನ್ನುತ್ತಾಳೆ.

ಕೆಲಸದಲ್ಲೂ ನನ್ನದು ಇದೇ ಅವಸರದ ಗೋಳು. ನೆಲ ಸಮ ಇದೆಯಾ ಎಂದು ನೋಡಲು ರಸಮಟ್ಟ ಇಡುತ್ತೇವಲ್ಲ, ಅದರ ಗಾಜಿನೊಳಗೂ ಒಂದು ಗುಳ್ಳೆ. ಇಟ್ಟ ತಕ್ಷಣ ನಾನು ಟೈಲ್ ಕುಟ್ಟಲು ಹೋಗುತ್ತೇನೆ. ಮೇಸ್ತ್ರಿ ಕೈ ಹಿಡಿದು, “ಗುಳ್ಳೆ ನಿಲ್ಲಲಿ. ಓಡ್ತಿರೋ ಗುಳ್ಳೆ ಯಾರಿಗೂ ನಿಜ ಹೇಳಲ್ಲ” ಅನ್ನುತ್ತಾರೆ. ಈ ಮಾತು ಅಮ್ಮನಿಗೆ ಬಹಳ ಹಿಡಿಸಿತು. ನನಗೆ ಅವಳಷ್ಟು ನಂಬಿಕೆ ಇನ್ನೂ ಬಂದಿಲ್ಲ. ಅವಳ ನಂಬಿಕೆಯ ಮೇಲೆ ನಂಬಿಕೆ ಇದೆ. ಸದ್ಯಕ್ಕೆ ದೇವರು ಅಷ್ಟಕ್ಕೇ ಸುಧಾರಿಸಿಕೊಳ್ಳಲಿ.

ನಾನು ಶಾಲೆ ಬಿಟ್ಟೆ ಅಂತ ನೀನು ಮನೆ ಬಿಟ್ಟೆ. ಹೊಡೆದಾದರೂ ಇವನನ್ನು ಕಳಿಸು ಅಂದೆ ನೀನು, ಅಮ್ಮ ಹೊಡೆಯಲಿಲ್ಲ. ಅವತ್ತಿನಿಂದ ನಿನ್ನ ತಟ್ಟೆ ಕಪಾಟು ಸೇರಿಲ್ಲ. ದಿನಾ ತೊಳೆದು ಒಲೆಯ ಪಕ್ಕ ಬೋರಲು ಇಡುತ್ತಿದ್ದಳು. ಈಗ ತೊಳೆಯುವುದು ನಾನು. ಬೈದುಕೊಂಡೇ ತೊಳೆಯುತ್ತೇನೆ, ಆದರೆ ತೊಳೆಯುತ್ತೇನೆ.

ಅಮ್ಮನ ಆಶೀರ್ವಾದ ಕಿಂಡಿಯಿಂದ ನೇರ ನನ್ನ ಹಣೆಯ ಮೇಲೆ ಬಿತ್ತು. ಅದರಲ್ಲಿ ದೊಡ್ಡ ಪಾಲು ನಿನ್ನದೇ, ಕಳಿಸುತ್ತಿದ್ದೇನೆ.

ನಿನ್ನ ತಮ್ಮ,
ಬುಗುರಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಹನಿ ಹಾಕಲು ಅಮ್ಮನನ್ನು ಎಬ್ಬಿಸಿ ಕೂರಿಸಿದೆ. ಕಣ್ಣಿನ ಕಟ್ಟು ಬಿಚ್ಚಿದೆ. ಕೆಳಗೆಲ್ಲ ನೀರು ತುಳುಕಿದ ಹಾಗಿದೆ, ಮೇಲೆ ಒಂದು ಸಣ್ಣ ಗೆರೆಯಷ್ಟು ತಿಳಿಯಾಗಿದೆ ಅಂದಳು. ಎದುರು ನಿಂತೆ. “ನಿನ್ನ ಕೂದಲು ಕಾಣ್ತಿದೆ. ಕಟಿಂಗ್ ಮಾಡಿಸ್ಕೋ” ಅಂದಳು. ಮುಖ ಸಿಗಲಿಲ್ಲ. ತುದಿಗಾಲಲ್ಲಿ ನಿಂತರೂ ಹಣೆಯವರೆಗೆ ಮಾತ್ರ. ಸ್ಟೂಲು ಪಕ್ಕದಲ್ಲೇ ಇತ್ತು, ಹತ್ತಲಿಲ್ಲ. ಆ ಗೆರೆಯೊಳಗೆ ಪೂರ್ತಿ ಮುಖ ಬೀಳಲು ನನಗಿಂತ ಒಂದು ಗೇಣು ಎತ್ತರ ಇರಬೇಕು. ನೀನು ನನಗಿಂತ ಸರಿಯಾಗಿ ಒಂದು ಗೇಣು ಎತ್ತರ. ‘ಬಾ’ ಅಂತ ನಾನು ಬರೆದಿಲ್ಲ. ಅಳತೆ ಹೇಳಿದ್ದೇನೆ, ಅಷ್ಟೆ.