ಹಾಲಿ ಸಿಕ್ಕಾದ ಮೇಲಿನ ಗಾಯ

ಮಲ್ಕಾಜ್‌ಗಿರಿ, ಹೈದರಾಬಾದ್
೧೪ ನವೆಂಬರ್ ೨೦೨೪

ಪ್ರೀತಿಯ ಚನ್ನು ಅಣ್ಣನಿಗೆ, ತಂಗಿ ರೇಣುಕಾಳ ನಮಸ್ಕಾರ.

ಹೇಗಿದ್ದೀಯಾ? ಸೊಲ್ಲಾಪುರದ ಹವೆ ಒಗ್ಗಿತೇ? ಲಾರಿ ಮೇಲೆ ಹೊರಟರೆ ನಿನಗೆ ಊಟದ ನೆನಪಿರುವುದಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣು. ನಾವಿನ್ನೂ ಮುಖ ನೋಡದ ಅತ್ತಿಗೆ ಆರಾಮವೇ? ಫೋನಿನಲ್ಲಿ ನನ್ನ ಹೆಸರು ಕಂಡರೆ ನೀನು ಎತ್ತುವುದಿಲ್ಲ. ಅದಕ್ಕೇ ರಾಯಚೂರಿನ ಗಂಗೂಬಾಯಿ ಅತ್ತೆಯಿಂದ ವಿಳಾಸ ಇಸಿದುಕೊಂಡು ಬರೆಯುತ್ತಿದ್ದೇನೆ. ಹರಿದು ಹಾಕುವುದಿದ್ದರೂ ಓದಿದ ಮೇಲೆ ಹರಿ.

ಅಪ್ಪನಿಗೆ ಮಾರ್ಚಿನಲ್ಲಿ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋಗಿವೆ, ಮಾತು ತೊದಲುತ್ತದೆ. ರೈಲ್ವೆ ಗಾರ್ಡ್ ಹಂಪಯ್ಯ ಎಂದರೆ ಹೇಗೆ ಗತ್ತಿನಿಂದ ನಡೆಯುತ್ತಿದ್ದರು, ನಿನಗೆ ಗೊತ್ತಲ್ಲ. ಈಗ ಅಂಗಿಯ ಗುಂಡಿಯನ್ನೂ ನಾನೇ ಹಾಕಬೇಕು. ಮೂರನೇ ಮಹಡಿ ಹತ್ತಿಸುವುದು ಆಗದೆ ಪಕ್ಕದ ಗಲ್ಲಿಯಲ್ಲಿ ನೆಲಮಹಡಿಯ ಮನೆ ಹಿಡಿದೆ. ಸಾಮಾನು ಕಟ್ಟುವಾಗ ಅಟ್ಟದ ಮೇಲೆ ಆ ನಾಣ್ಯದ ಪೆಟ್ಟಿಗೆ ಸಿಕ್ಕಿತು. ನಿನ್ನನ್ನು ಮನೆ ಬಿಡಿಸಿದ ಅದೇ ಪೆಟ್ಟಿಗೆ.

ಅಪ್ಪ ತಮ್ಮ ಜೊತೆಗಾರ ಮೌನಪ್ಪನವರಿಂದ ಕೊಂಡ ನಿಜಾಮರ ಕಾಲದ ಬೆಳ್ಳಿ ರೂಪಾಯಿಗಳು, ಚಾರ್ಮಿನಾರ್ ಚಿತ್ರದ ಹಾಲಿ ಸಿಕ್ಕಾಗಳು, ಹನ್ನೆರಡೂ ಹಾಗೆಯೇ ಇದ್ದವು. ಎಂಟು ವರ್ಷದ ಹಿಂದೆ ಸಿಕಂದರಾಬಾದಿನ ಅಂಗಡಿಯವನು ನಕಲಿ ಎಂದದ್ದು ಅದರಲ್ಲಿ ಒಂದನ್ನು ಮಾತ್ರ. ಉಳಿದವಾದರೂ ಅಸಲಿ ಇದ್ದಾವು ಎಂಬ ಆಸೆಯಿಂದ ಚಿತ್ರ ತೆಗೆದು, ಮೊಬೈಲಿನಲ್ಲಿ ಹಳೆಯ ನಾಣ್ಯ ಮಾರುವವರ ಗುಂಪಿಗೆ ಹಾಕಿದೆ. ಮನೆಯಲ್ಲಿ ಅದು ಇರುವುದೇ ನನಗೆ ಬೇಡವಾಗಿತ್ತು. ಅರ್ಧ ಗಂಟೆಯಲ್ಲಿ ಯಾರೋ ಒಬ್ಬ ಹಿಂದಿಯಲ್ಲಿ ನಕಲಿ ಮಾರುವ ಕಳ್ಳಿ ಎಂದು ಬೈದ. ಸಿಕಂದರಾಬಾದಿನಲ್ಲಿ ನೌಕರಿ ಮಾಡುವ ಧಾರವಾಡದ ವಿನಾಯಕ ಎಂಬವರು ಮಾತ್ರ ನನ್ನ ಹೆಸರು ನೋಡಿ ಕನ್ನಡದಲ್ಲೇ ಫೋನ್ ಮಾಡಿದರು. "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಮೊದಲ ಆ ಚಿತ್ರ ಗುಂಪಿನಾಗಿಂದ ತಗೀರಿ. ಆಮ್ಯಾಲೆ ಅವನ್ನ ತೂಕ ಮಾಡಿಸ್ರಿ" ಎಂದರು.

ಬಂಗಾರದಂಗಡಿಯ ತಕ್ಕಡಿಯಲ್ಲಿ ಇಡಿಸಿದೆ. ಹನ್ನೊಂದು ಗ್ರಾಮಿನ ಮೇಲೆ ತೂಗಬೇಕಾದದ್ದು ಒಂದೂ ಹತ್ತು ಮುಟ್ಟಲಿಲ್ಲ. ಅಂಚಿನ ಸುತ್ತ ಎರಡು ಹೋಳು ಕೂಡಿಸಿದಂಥ ಸಣ್ಣ ಗೆರೆ, ಅದನ್ನು ಅರದಿಂದ ಉಜ್ಜಿದ ಗುರುತು. ಎಲ್ಲದರ ಚಿತ್ರವನ್ನೂ ಹತ್ತಿರದಿಂದ ತೆಗೆದು ಕಳಿಸಿದೆ. ವಿನಾಯಕ ಅವರು ನೋಡಿ, "ಬಲಗಡೆ ಮಿನಾರಿನ ಬುಡಕ ಸಣ್ಣ ಗಾಯ ಐತಿ ನೋಡ್ರಿ, ಹನ್ನೆರಡಕ್ಕೂ ಐತಿ. ಬ್ಯಾರೆ ಬ್ಯಾರೆ ವರ್ಷದ ರೂಪಾಯಿಗೆ ಒಂದ ಜಾಗದಾಗ ಗಾಯ ಹೆಂಗ ಆಕ್ಕೈತ್ರಿ? ಒಂದ ಅಚ್ಚಿನಾಗ ಎರಕ ಹೊಯ್ದಾರ, ವರ್ಷ ಅಷ್ಟ ತಿದ್ಯಾರ" ಎಂದರು.

ಅಷ್ಟಕ್ಕೆ ನಾನು ಸುಮ್ಮನಾಗಿದ್ದರೆ ನೀನು ಕಳ್ಳನಾಗಿಯೇ ಉಳಿಯುತ್ತಿದ್ದೆ. ಅಸಲಿ ಮಾರಿಕೊಂಡು ಇವನ್ನು ಇಟ್ಟೆ ಎಂದೇ ಅಲ್ಲವೇ ಅಪ್ಪ ನಿನ್ನ ಮೇಲೆ ಹೊರಿಸಿದ್ದು? ಮರುದಿನ ಅಪ್ಪನಿಗೆ ಗಂಜಿ ಕುಡಿಸುತ್ತಿದ್ದಾಗ ಹೊಳೆಯಿತು, ಅಮ್ಮ ಹೇಳುತ್ತಿದ್ದಳಲ್ಲ, ಮೌನಪ್ಪ ಕೊಟ್ಟದ್ದು ಹದಿಮೂರು. ಕೊಂಡ ವಾರವೇ ಅತ್ತೆಯ ಮನೆಯ ಗೃಹಪ್ರವೇಶ ಬಂತೆಂದು ಅಪ್ಪ ಒಂದನ್ನು ಅವರಿಗೆ ಕೊಟ್ಟಿದ್ದರು. ಆಗ ನಿನಗೆ ಏಳು ವರ್ಷ. ಅತ್ತೆ ಅದನ್ನು ಅಂದಿನಿಂದ ದೇವರ ಜಗಲಿಯ ಮೇಲೆಯೇ ಇಟ್ಟಿದ್ದಾರೆ. ವಿಡಿಯೋ ಕಾಲ್ ಮಾಡಿದೆ. ಅತ್ತೆ ಕುಂಕುಮ ಒರೆಸಿ ಹಿಡಿದರು. ಮಿನಾರಿನ ಬುಡದಲ್ಲಿ ಅದೇ ಗಾಯ ಇತ್ತು, ಅಣ್ಣಾ.

ಬಂದ ದಿನದಿಂದಲೇ ಅವು ನಕಲಿ. ಮೌನಪ್ಪನವರಿಗೆ ಗೊತ್ತಿತ್ತೋ, ಅವರೂ ಮೋಸ ಹೋಗಿದ್ದರೋ, ಕೇಳೋಣವೆಂದರೆ ಅವರಿಲ್ಲ.

ಅಪ್ಪನ ಪಕ್ಕ ಕುಳಿತು ಎಲ್ಲ ಹೇಳಿದೆ. ಕೇಳಿ ಗೋಡೆಯ ಕಡೆ ಮುಖ ಮಾಡಿದರು. ಆಮೇಲೆ ತೊದಲುತ್ತ, "ಅವತ್ತ ಚನ್ನು ಉಣ್ಣಾಕತ್ತಿದ್ದ. ತಾಟಿನ ಮುಂದಿಂದ ಎಬ್ಬಿಸಿದೆ ನಾ" ಎಂದರು. ಅಂದಿನಿಂದ ತಾಟು ಮುಂದಿಟ್ಟರೆ ಅಳುತ್ತಾರೆ. ನಿನ್ನನ್ನು ಕರೆಸು ಎಂದು ಅವರು ಹೇಳಿಲ್ಲ, ಹೇಳುವ ಮುಖವಿಲ್ಲ ಅವರಿಗೆ. ಕರೆಯುವವಳು ನಾನು. ನಾಣ್ಯಗಳನ್ನು ಇನ್ನಾರೂ ಮಾರದಂತೆ ಬಂಗಾರದಂಗಡಿಯವನಿಂದ ಕತ್ತರಿಸಿ ಹಾಕಿಸಿದೆ.

ಅತ್ತಿಗೆಗೆ ನಮಸ್ಕಾರ ತಿಳಿಸು. ರಸ್ತೆಯಲ್ಲಿ ಜೋಪಾನ. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ತಂಗಿ,
ರೇಣುಕಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿದೆ. ಚನ್ನು ಪೆಟ್ಟಿಗೆ ಬಿಚ್ಚಿದ್ದನ್ನು ನೋಡಿದೆ ಎಂದು ಅಪ್ಪನಿಗೆ ಹೇಳಿದ್ದು ಅಮ್ಮ ಅಲ್ಲ, ನಾನು. ನೀನು ಅಮ್ಮನೇ ಎಂದುಕೊಂಡೆ, ಮೂರು ವರ್ಷದ ಹಿಂದೆ ಅವಳ ಮಣ್ಣಿಗೂ ಬರಲಿಲ್ಲ. ನೀನು ತನ್ನನ್ನೇ ತಪ್ಪು ತಿಳಿದದ್ದು ಅವಳಿಗೆ ಗೊತ್ತಿತ್ತು. ಹೇಳಿಬಿಡುತ್ತೇನೆ ಎಂದು ನಾನು ಅತ್ತಾಗಲೆಲ್ಲ, "ಇರಲಿ ಬಿಡವಾ, ನನ್ನ ಮ್ಯಾಲೆ ಇರಲಿ. ನಾ ಹ್ವಾದ ಮ್ಯಾಲೆ ನಿನಗ ಅಣ್ಣ ಬೇಕಲ್ಲ" ಎನ್ನುತ್ತಿದ್ದಳು.