ಮದ್ದು ತೂಗುವ ತಕ್ಕಡಿ

ನವೆಂಬರ್ ೭, ಬೆಳಿಗ್ಗೆ

ಗ್ಯಾರೇಜಿನ ಕೆಲಸ ಮುಗಿಯಿತು. ಆರಿನ್‌ನ ರೈಫಲ್ಲಿಗೆ ಒಂದು ಪೆಟ್ಟಿಗೆ ತೋಟಾ ಸಿದ್ಧ. ಹಿತ್ತಾಳೆ ಕವಚಕ್ಕೆ ತೂಗಿದ ಮದ್ದು, ಮೇಲೆ ಗುಂಡು, ಒತ್ತು — ಮುಂದಿನದು. ಆನ್‌ಲೈನಿನಲ್ಲಿ ತರಿಸಿದ ಡಿಜಿಟಲ್ ತಕ್ಕಡಿ ಅಂಗೈಯಗಲ, ಆದರೆ ಬಲು ಚುರುಕು. ಹಳೆಯ ಮುಳ್ಳಿನ ತಕ್ಕಡಿಯಾದರೆ ಕಡ್ಡಿ ನಿಲ್ಲುವವರೆಗೆ ಉಸಿರು ಹಿಡಿದು ಕಾಯಬೇಕು. ಅದನ್ನು ಅಟ್ಟಕ್ಕೆ ಹಾಕಿದೆ.

ಆರಿನ್ ಬಂದು ಪೆಟ್ಟಿಗೆ ಒಯ್ದ. ತಮ್ಮನಾದರೂ ಬುದ್ಧಿ ಹೇಳುವುದರಲ್ಲಿ ಅಣ್ಣ. ಇದೇನು ಮಕ್ಕಳಾಟದ ಸಾಮಾನು ಎಂದು ತಕ್ಕಡಿಯನ್ನು ಹಂಗಿಸಿದ. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಬಿಟರ್‌ರೂಟ್ ಬೆಟ್ಟಕ್ಕೆ ಹೊರಟಿದ್ದಾನೆ, ಒಬ್ಬನೇ. ವಾರವಿಡೀ ಡೇರೆಯಲ್ಲಿ.

ನವೆಂಬರ್ ೯

ಕೊರೆಯುವ ಚಳಿ. ಹೀಟರ್ ಹಾಕಿಕೊಂಡು ನನ್ನ ತೋಟಾ ತುಂಬಲು ಕುಳಿತೆ. ತಟ್ಟೆಯಲ್ಲಿ ಏನೂ ಇಲ್ಲ — ಅಂಕಿ ತಾನಾಗಿಯೇ ಜಾರುತ್ತಿದೆ. ತೂಕದ ಬಟ್ಟು ಇಟ್ಟೆ. ಇರುವುದಕ್ಕಿಂತ ಕಡಿಮೆ ತೋರಿಸಿತು. ಮತ್ತೆ ಇಟ್ಟೆ. ಇನ್ನೂ ಕಡಿಮೆ.

ಕಡಿಮೆ ತೋರಿಸಿದರೆ ನಾನು ಹೆಚ್ಚು ಸುರಿದಿರುತ್ತೇನೆ.

ಆರಿನ್‌ಗೆ ತುಂಬಿದ್ದರಲ್ಲಿ ಒಂದು ತೋಟಾ ಇಲ್ಲೇ ಉಳಿದಿತ್ತು. ಬಿಚ್ಚಿದೆ. ಅಟ್ಟದಿಂದ ಹಳೆಯದನ್ನು ಇಳಿಸಿ ಮದ್ದು ತೂಗಿದೆ. ಹೆಚ್ಚಿದೆ. ಸ್ವಲ್ಪವಲ್ಲ. ಅವತ್ತೂ ಹೀಟರ್ ಉರಿಯುತ್ತಿತ್ತು, ಅದರ ಬಿಸಿಗೇ ಅಂಕಿ ಜಾರಿರಬೇಕು...

ರೈಫಲ್ ಸಿಡಿದರೆ ಮುಖದ ಹತ್ತಿರವೇ ಸಿಡಿಯುವುದು. ಫೋನ್ ಸಿಗುತ್ತಿಲ್ಲ. ಅಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು. ಹೊರಟೆ. ಟ್ರಕ್ಕಿನ ಬೀಗದಕೈ —

ನವೆಂಬರ್ ೧೧

ಈಗ ಬರೆಯಬಲ್ಲೆ.

ರಸ್ತೆ ಮುಗಿದಲ್ಲಿ ಟ್ರಕ್ ನಿಲ್ಲಿಸಿ ಹಿಮದಲ್ಲಿ ನಡೆದೆ. ದಾರಿಯುದ್ದಕ್ಕೂ ಕಿವಿ ಬೆಟ್ಟದ ಕಡೆಗೇ. ಒಂದು ಈಡೂ ಕೇಳಲಿಲ್ಲ. ಕೇಳದಿರುವುದು ಇನ್ನೂ ಭಯ. ಕೊನೆಗೆ ಡೇರೆಯ ಹೊಗೆ ಕಂಡಿತು. ಆರಿನ್ ದಿಮ್ಮಿಯ ಮೇಲೆ ಕುಳಿತು ಆಲೂಗಡ್ಡೆ ಸಿಪ್ಪೆ ಹೆರೆಯುತ್ತಿದ್ದ. ಎರಡೂ ಕಣ್ಣು ಇವೆ. ಬೆರಳೆಲ್ಲ ಇವೆ. ಅಲ್ಲೇ ಹಿಮದಲ್ಲಿ ಕುಸಿದು ಕುಳಿತೆ.

ಯಾರಾದರೂ ತೀರಿಹೋದರಾ ಎಂದು ಕೇಳಿದ. ಹೇಳಿದೆ, ಎಲ್ಲ.

ಅವನಿಗೆ ಮೊದಲೇ ಗೊತ್ತಿತ್ತು. ಬಂದ ದಿನವೇ ಗುರಿ ಪರೀಕ್ಷಿಸಲು ಒಂದು ಹೊಡೆದಿದ್ದಾನೆ. ಭುಜಕ್ಕೆ ಒದ್ದ ಹಾಗಾಯಿತಂತೆ. ಖಾಲಿ ಕವಚ ಹೊರತೆಗೆಯುವ ಬೋಲ್ಟ್ ಕಚ್ಚಿಕೊಂಡು, ಮರದ ತುಂಡಿನಿಂದ ಬಡಿದ ಮೇಲೆ ತೆರೆಯಿತಂತೆ. ಉಳಿದದ್ದನ್ನು ಪೆಟ್ಟಿಗೆಯಲ್ಲೇ ಬಿಟ್ಟು ಸುಮ್ಮನೆ ಕುಳಿತಿದ್ದಾನೆ.

"ಮತ್ತೆ ಮನೆಗೆ ಯಾಕೋ ಬರಲಿಲ್ಲ?"

"ಅರ್ಧಕ್ಕೇ ಬಂದ್ರೆ ನಿಂಗೆ ಗೊತ್ತಾಗ್ತಿತ್ತಲ್ಲ ಅಕ್ಕ. ವಾರ ಕಳೆದು ಬಂದು, ಎಲ್ಕ್ ಕಣ್ಣಿಗೇ ಬೀಳ್ಲಿಲ್ಲ ಅನ್ನೋಣ ಅಂತಿದ್ದೆ."

"ನಾನೂ ಅದೇ ತಕ್ಕಡೀಲಿ ತುಂಬ್ಕೊಂಡು ಹೊಡೆದಿದ್ರೆ?"

"ನೀನು ಬೇಟೆಗೆ ಹೋಗೋದು ತಿಂಗಳ ಕೊನೇಗೆ. ಅಷ್ಟರಲ್ಲಿ ಆ ಆಟದ ಸಾಮಾನು ನನ್ನ ಕೈಜಾರಿ ಬೀಳ್ತಿತ್ತು. ಕಲ್ಲಿನ ಮೇಲೆ."

ಬೈಯಬೇಕೆಂದು ಬಾಯಿ ತೆರೆದೆ. ಅಳು ಬಂತು, ಹಿಂದೆಯೇ ನಗು. ಅವನು ಬೇಯಿಸಿದ ಆಲೂಗಡ್ಡೆ ಅರ್ಧ ಹಸಿ. ಎರಡು ತಟ್ಟೆ ತಿಂದೆ.

ನವೆಂಬರ್ ೧೪

ಹೊಸ ತಕ್ಕಡಿ ಕೊಳ್ಳಲು ಹಾಲ್ವರ್‌ನ ಬಂದೂಕಿನ ಅಂಗಡಿ. ಆರಿನ್ ಜೊತೆಗೆ ಬಂದ, ಕಾವಲಿಗೆ. ಪಾಯಿಂಟಿನ ಮುಂದೆ ಹೆಚ್ಚು ಅಂಕಿ ತೋರಿಸುವುದರ ಮೇಲೆ ನನ್ನ ಕಣ್ಣು.

"ಅಂಕಿ ಜಾಸ್ತಿ ತೋರಿಸ್ತು ಅಂದ ಮಾತ್ರಕ್ಕೆ ಸರಿಯಾಗಿ ತೂಗತ್ತೆ ಅಂತಲ್ಲ ವರ್ನಾ," ಎಂದ ಹಾಲ್ವರ್.

ತನ್ನದೇ ಬಟ್ಟು ತಂದು ಒಂದೊಂದರ ಮೇಲೂ ಇಟ್ಟ, ತೆಗೆದ, ಮತ್ತೆ ಇಟ್ಟ. ಪ್ರತಿ ಸಲ ಅದೇ ತೂಕ ಬರಬೇಕು, ತೆಗೆದ ಮೇಲೆ ಸೊನ್ನೆಗೆ ಮರಳಬೇಕು. ಚಿಮಟದಿಂದ ಒಂದೊಂದೇ ಕಾಳು ಮದ್ದು ಹಾಕಿಸಿದ — ಕೆಲವಕ್ಕೆ ಅದು ಬಿದ್ದದ್ದೇ ತಿಳಿಯಲಿಲ್ಲ. ಬಾಗಿಲು ತೆರೆದು ಗಾಳಿ ಬಿಟ್ಟ. ನಾನು ಕಣ್ಣಿಟ್ಟಿದ್ದರ ಅಂಕಿ ಕುಣಿಯಿತು. ಹೊರಗಿಟ್ಟೆ.

ಕೊನೆಗೆ ಉಳಿದದ್ದು ಭಾರದ್ದು, ನಿಧಾನದ್ದು. ಗಾಳಿಗೆ ಗಾಜಿನ ಮುಚ್ಚಳ. ತೂಗುವ ಮೊದಲು ಕರೆಂಟು ಕೊಟ್ಟು ಸ್ವಲ್ಪ ಹೊತ್ತು ಕಾಯಬೇಕು. ಮುಳ್ಳಿನದನ್ನೂ ಪಕ್ಕದಲ್ಲೇ ಇಟ್ಟುಕೋ, ಸಂಶಯ ಬಂದರೆ ಎರಡರಲ್ಲೂ ತೂಗು ಎಂದ.

"ಗಂಡು ಆರಿಸೋವಾಗಲೂ ನೀನು ಇಷ್ಟು ಹೊತ್ತು ತಗೊಳ್ಲಿಲ್ಲ ಅಕ್ಕ."

"ತಗೊಂಡಿದ್ರೆ ಡೈವೋರ್ಸ್ ಖರ್ಚು ಉಳೀತಿತ್ತು."

ಹಾಲ್ವರ್ ಬಿಲ್ ಬರೆಯುವುದನ್ನು ನಿಲ್ಲಿಸಿ ನಕ್ಕ.

ನವೆಂಬರ್ ೧೭, ಸಂಜೆ

ಹಳೆಯ ತೋಟಾ ಎಲ್ಲ ಬಿಚ್ಚಿ ಹೊಸದಾಗಿ ತುಂಬಿದ್ದೆ. ಹೀಟರ್ ಆರಿಸಿ, ಕೋಟು ಹಾಕಿಕೊಂಡು. ಎರಡು ತಕ್ಕಡಿಯದೂ ಒಂದೇ ಮಾತು.

ಇವತ್ತು ಶೂಟಿಂಗ್ ರೇಂಜಿನಲ್ಲಿ ಪರೀಕ್ಷೆ. ಮೊದಲನೆಯದನ್ನು ನಾನೇ ಹೊಡೆಯುವುದೆಂದು ಹಟ ಹಿಡಿದೆ. ದೂರ ನಿಲ್ಲು ಎಂದೆ. ಆರಿನ್ ಕದಲಲಿಲ್ಲ, ಹೆಗಲಿಗೆ ಹೆಗಲು ತಾಗಿಸಿಯೇ ನಿಂತ. ಕಣ್ಣು ಬಿಗಿಯಾಗಿ ಮುಚ್ಚಿದೆ. ಟ್ರಿಗರ್ ಎಳೆದೆ.

ಬೋಲ್ಟ್ ಎರಡೇ ಬೆರಳಿಗೆ ತೆರೆದುಕೊಂಡಿತು. ಕವಚ ಅಂಗೈಗೆ ಬಿತ್ತು — ಬಿಸಿ, ನುಣುಪು. ಎದೆಯ ಮೇಲಿನ ಕಲ್ಲು ಇಳಿಯಿತು. ಆರಿನ್ ದುರ್ಬೀನಿನಲ್ಲಿ ಗುರಿಹಲಗೆ ನೋಡಿದ. ಮತ್ತೆ ನೋಡಿದ. ನಗಲು ಶುರುಮಾಡಿದ. ನನ್ನ ಗುಂಡು ತಗುಲಿದ್ದು ಪಕ್ಕದವನ ಹಲಗೆಗೆ.

ಈಗ ಆರಿನ್ ಅಡುಗೆಮನೆಯಲ್ಲಿ ತನ್ನ ಮಕ್ಕಳಿಗೆ ಅದೇ ಕಥೆ ಹೇಳುತ್ತಿದ್ದಾನೆ. ಮೂರು ಹಲಗೆ ಆಚೆ ಅನ್ನುತ್ತಿದ್ದಾನೆ. ಒಂದೇ ಹಲಗೆ. ಈಗಲೇ ಎದ್ದು ಹೋಗದಿದ್ದರೆ ಇವನು ಆ ಗುಂಡನ್ನು ಪಾರ್ಕಿಂಗಿನವರೆಗೂ —