‘ಉಗ್ಗು’ ಲೇಖನದ ಮೂರನೆಯ ಅಡಿಟಿಪ್ಪಣಿ

ಬನವಾಸಿ, ತಾ. ಶಿರಸಿ
೨೪ ಜನವರಿ ೨೦೧೦, ಭಾನುವಾರ

ಪ್ರೀತಿಯ ವಿನೋದಣ್ಣಾ,

ಹೇಗಿದ್ದೀ? ಈಗ ಕಬ್ಬು ನುರಿಸುವ ಹಂಗಾಮು, ನಿಮ್ಮ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಮೂರೂ ಪಾಳಿ ನಡೆದಿರಬೇಕು. ನೀನು ಫೋನ್ ಎತ್ತುವುದಿಲ್ಲ. ವಾರಕ್ಕೊಮ್ಮೆ ಕಳಿಸುವ ಮೆಸೇಜಿನಲ್ಲಿ ‘ಆರಾಮ್’ ಎನ್ನುವ ಒಂದೇ ಶಬ್ದ ಇರುತ್ತದೆ. ಅಷ್ಟರಿಂದ ಕೆಮ್ಮು ಹೋಯಿತೋ ಇಲ್ಲವೋ, ಮೆಸ್ಸಿನ ಊಟ ಹಿಡಿಸಿತೋ ಇಲ್ಲವೋ ಅವ್ವನಿಗೆ ತಿಳಿಯುವುದು ಹೇಗೆ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅವ್ವನ ಮೊಣಕಾಲು ಪರವಾಗಿಲ್ಲ, ಮೊನ್ನೆ ಮಧುಕೇಶ್ವರನ ಗುಡಿಗೆ ನಡೆದೇ ಹೋಗಿಬಂದಳು. ಸುಗ್ಗಿಯ ಭತ್ತವೆಲ್ಲ ಈಗಲೇ ಗಿರಣಿಗೆ ಬರುತ್ತಿರುವುದರಿಂದ ಅಪ್ಪನಿಗೆ ಕೂತು ಉಣ್ಣಲೂ ಪುರುಸೊತ್ತಿಲ್ಲ. ನಾನು ಮಾತ್ರ ಅಷ್ಟು ಸರಿಯಿಲ್ಲ. ಜ್ವರಗಿರ ಏನಲ್ಲ, ಗಾಬರಿಯಾಗಬೇಡ. ಕೂತಲ್ಲಿ ಕೂರಲಾಗುತ್ತಿಲ್ಲ, ಅಷ್ಟೇ. ಈ ಪತ್ರವನ್ನು ಇದು ನಾಲ್ಕನೆಯ ಸಲ ಶುರುಮಾಡುತ್ತಿರುವುದು. ಮೂರು ಹರಿದುಹಾಕಿದೆ.

ಮೊದಲಿನಿಂದ ಹೇಳುತ್ತೇನೆ. ಶಿರಸಿಯ ಕಾಲೇಜಿನಲ್ಲಿ ನಮಗೆ ಮನಶ್ಶಾಸ್ತ್ರ ಹೇಳಿಕೊಡುವ ಪರಿಮಳಾ ಮೇಡಂ ಈ ವರ್ಷ ನಿಬಂಧ ಬರೆಸಲಿಲ್ಲ. “ನೀವು ಬರೆದದ್ದನ್ನ ನಾನೊಬ್ಬಳೇ ಓದಿ ರದ್ದಿಗೆ ಹಾಕೂದು ಎಂತಕ್ಕೆ?” ಎಂದು ತಮ್ಮ ಸಿದ್ದಾಪುರದ ಧಾಟಿಯಲ್ಲಿ ಕೇಳಿ, ಅಂತರ್ಜಾಲದ ಕನ್ನಡ ವಿಶ್ವಕೋಶದಲ್ಲಿರುವ ಮನಶ್ಶಾಸ್ತ್ರದ ಲೇಖನಗಳನ್ನು ತಿದ್ದಿ ಬೆಳೆಸುವ ಕೆಲಸ ಹಚ್ಚಿದರು. ಇಪ್ಪತ್ತು ಅಂಕ ಅದಕ್ಕೇ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಆದರೆ ಹೇಳಿದ ಮಾತು ಯಾವ ಪುಸ್ತಕದಲ್ಲಿದೆ ಎಂದು ಕೆಳಗೆ ಅಡಿಟಿಪ್ಪಣಿ ಕೊಡಬೇಕು. ಮೇಡಂ ಬೋರ್ಡಿನ ಮೇಲೆ ವಿಷಯಗಳ ಪಟ್ಟಿ ಬರೆದರು: ಮರೆವು, ಕನಸು, ಸಿಟ್ಟು, ನಿದ್ದೆ ಹೀಗೆ. ನನ್ನ ಪಕ್ಕ ಕೂರುವ ಗಗನಾ ಕನಸನ್ನು ಹಿಡಿದುಕೊಂಡಳು. ಕೊನೆಯ ಸಾಲಿನಲ್ಲಿ ‘ಉಗ್ಗು’ ಎಂದು ಬರೆದಿದ್ದರು. ಬೇರೆ ಯಾರಾದರೂ ತೆಗೆದುಕೊಂಡುಬಿಟ್ಟಾರೆಂದು ನಾನು ಎದ್ದು ನಿಂತು ಕೈ ಎತ್ತಿದೆ. ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.

ಆಗ ಆ ಲೇಖನದಲ್ಲಿ ಇದ್ದದ್ದು ಆರೇ ಸಾಲು. ಹೆದರಿಕೆಯಿಂದ, ಹೊಡೆತದಿಂದ ಉಗ್ಗು ಬರುತ್ತದೆ. ಬಜೆಯ ಬೇರು ತೇಯ್ದು ನಾಲಿಗೆಗೆ ಹಚ್ಚಿದರೆ ಹೋಗುತ್ತದೆ, ಹೀಗೆ. ಅವ್ವ ನಿನ್ನ ನಾಲಿಗೆ ಉರಿಯುವಷ್ಟು ಬಜೆ ಹಚ್ಚಿದ್ದು, ನೀನು ಬಚ್ಚಲಲ್ಲಿ ಹೋಗಿ ಉಗುಳುತ್ತಿದ್ದದ್ದು ನೆನಪಾಗಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಶಿರಸಿ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಯಲ್ಲಿ ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ, ಎಲ್ಲ ಬರೆದುಬಿಟ್ಟೆ. ಐದನೇ ಇಯತ್ತೆಯಲ್ಲಿ ‘ಹಾಜರ್’ ಎನ್ನುವ ಮಾತು ಬಾಯಿಂದ ಹೊರಡುವಷ್ಟರಲ್ಲಿ ಮಾಸ್ತರರು ಗೈರುಹಾಜರಿ ಹಾಕಿ ಮುಂದೆ ಹೋಗುತ್ತಿದ್ದದ್ದು, ನೀನು ದಿನಾ ಶಾಲೆಗೆ ಹೋಗಿಯೂ ವರ್ಷದ ಕೊನೆಗೆ ಹಾಜರಿ ಸಾಲದೆ ಅಪ್ಪ ಹೋಗಿ ಜಗಳಾಡಿದ್ದು. ಹಾನಗಲ್ಲಿಗೆ ಹೆಣ್ಣು ನೋಡಲು ಹೋದದ್ದನ್ನೂ ಬಿಡಲಿಲ್ಲ. ನಿನ್ನ ಹೆಸರು ಹಾಕಿರಲಿಲ್ಲ. ಆದರೆ ಬನವಾಸಿ ಅಂತ ಬರೆದಿದ್ದೆ, ಅಕ್ಕಿ ಗಿರಣಿ ಅಂತ ಬರೆದಿದ್ದೆ. ಇನ್ನೇನು ಉಳಿಯಿತು?

ಮರುದಿನ ನೋಡಿದರೆ ನಾನು ಬರೆದದ್ದು ಒಂದಕ್ಷರವೂ ಇಲ್ಲ. ಯಾವುದೋ ಊರಿನ ಯಾರೋ ಸಂಪಾದಕರು ತೆಗೆದುಹಾಕಿ, ‘ಇದು ಸ್ವಂತ ಅನುಭವ. ಆಧಾರವಿಲ್ಲ’ ಎಂದು ಷರಾ ಬರೆದಿದ್ದರು. ನಾನು ಮೇಡಂ ಹತ್ತಿರ ಹೋಗಿ ವಾದ ಮಾಡಿದೆ, ಇದಕ್ಕಿಂತ ದೊಡ್ಡ ಆಧಾರ ಯಾವುದಿದೆ ಅಂತ ಅತ್ತೆ ಕೂಡ. ಅವರು ನನ್ನ ಅಳು ನಿಲ್ಲುವವರೆಗೂ ಕಾದು, “ಮಾರಾಯ್ತಿ, ಅಣ್ಣನ ಕಥೆ ಅಣ್ಣಂಗೆ ಬರಿ. ಇಲ್ಲಿ ಓದೂಕೆ ಬರುವವರು ಅವನಂಥ ಇನ್ನೊಬ್ಬನ ಮನೆಯವರು. ಅವರಿಗೆ ಎಂತ ಗೊತ್ತಾಗ್ಬೇಕು, ಅದನ್ನ ಬರಿ” ಎಂದರು. ಆಮೇಲೆ ಗಗನಾ ಹೇಳಿದಳು, ತೆಗೆದುಹಾಕಿದ್ದೂ ಹಳೆಯ ಆವೃತ್ತಿಗಳಲ್ಲಿ ಉಳಿದಿರುತ್ತದೆ, ಯಾರು ಬೇಕಾದರೂ ತೆರೆದು ಓದಬಹುದು ಅಂತ. ನನಗೆ ಊಟ ಸೇರಲಿಲ್ಲ. ಬಸ್ಸಿನಲ್ಲಿ ಯಾರಾದರೂ ನನ್ನ ಕಡೆ ನೋಡಿದರೆ ಇವರು ಓದಿದ್ದಾರೆ ಅನಿಸುತ್ತಿತ್ತು. ಆ ಸಂಪಾದಕರಿಗೆ ಬರೆದು ಬೇಡಿಕೊಂಡೆ. ಒಳ್ಳೆಯವರು, ಅದನ್ನು ಯಾರಿಗೂ ಕಾಣದಂತೆ ಮಾಡಿದರು. ಆದರೂ ಒಂದು ವಾರ ಅದು ಅಲ್ಲಿತ್ತು ಅಣ್ಣಾ. ನಿನ್ನ ಸಂಗತಿಯನ್ನು ನಿನ್ನನ್ನು ಕೇಳದೆ ಊರಿಗೆಲ್ಲ ಹೇಳಿದವಳು ನಾನು. ಬೈಯಬೇಕೆನಿಸಿದರೆ ಬೈ, ಮುಚ್ಚಿಡಲಾರೆ.

ಆಮೇಲೆ ಮೇಡಂ ಧಾರವಾಡದಿಂದ ತರಿಸಿಕೊಟ್ಟ ಪುಸ್ತಕಗಳನ್ನು ಹಿಡಿದು ಕೂತೆ. ಇಂಗ್ಲಿಷು ನನಗೆ ಕಬ್ಬಿಣದ ಕಡಲೆ, ಒಂದು ಪುಟಕ್ಕೆ ಒಂದು ಸಂಜೆ ಬೇಕು. ಓದುತ್ತ ಹೋದಂತೆ ನಾನು ಬೇರೆಯವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ನನ್ನ ಕಡೆಗೇ ತಿರುಗಿತು. ಉಗ್ಗುವವರು ಮಾತಾಡುವಾಗ ನಾವು ಅವರ ಮಾತು ಪೂರ್ತಿ ಮಾಡಬಾರದು, ಕಾಯಬೇಕು ಅಂತ ಅದರಲ್ಲಿದೆ. ಹಾನಗಲ್ಲಿನಲ್ಲಿ ಆ ಹುಡುಗಿಯ ತಂದೆ, “ಹೆಸರೇನ್ರಿ ನಿಮ್ದು?” ಎಂದು ಕೇಳಿದಾಗ ನಿನ್ನ ತುಟಿ ‘ವಿ’ ಎನ್ನುವುದಕ್ಕೆ ಸಿದ್ಧವಾಗಿತ್ತು. ನಾನು ನಡುವೆ ಬಾಯಿ ಹಾಕಿ, “ವಿನೋದ ಅಂತ್ರಿ” ಎಂದೆ. ಅದಷ್ಟೇ ಅಲ್ಲ, ನಿನ್ನ ಓದು, ಕೆಲಸ, ಎಲ್ಲವನ್ನೂ ನಾನೇ ಹೇಳಿದೆ. ನಿನ್ನ ಮರ್ಯಾದೆ ಉಳಿಸಿದೆ ಎಂದು ಬರುವಾಗ ಬಸ್ಸಿನಲ್ಲಿ ಹೆಮ್ಮೆಪಟ್ಟುಕೊಂಡಿದ್ದೆ. ನೀನು ಕಿಟಕಿಯ ಕಡೆ ಮುಖ ಮಾಡಿ ಕೂತವನು ಊರು ಬಂದರೂ ತಿರುಗಲಿಲ್ಲ. ಹದಿನೈದು ದಿನಕ್ಕೆ ಮುಧೋಳದ ಕಡೆ ಕೆಲಸ ಸಿಕ್ಕಿತೆಂದು ಹೊರಟೇಹೋದೆ. ಎರಡು ವರ್ಷವಾಯಿತು. ತಪ್ಪಾಯಿತು ಅಣ್ಣಾ. ಲೇಖನದಲ್ಲಿ ‘ಕೇಳುವವರು ಏನು ಮಾಡಬೇಕು’ ಎಂಬ ಭಾಗವನ್ನು ಬರೆಯಲು ನನಗೆ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು.

ಈಗ ಅಪ್ಪನ ವಿಷಯ. ಕಳೆದ ಬುಧವಾರ ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತ್ತು. ಅಪ್ಪ ಜರಡಿ ಬಿಚ್ಚಿ ತೌಡು ಕೊಡವುತ್ತಿದ್ದ. ನಾನು ಚೀಲದ ಮೇಲೆ ಕೂತು, ತಪ್ಪು ಕಿವಿಗೆ ಬೀಳಲಿ ಎಂದು ಲೇಖನದ ಪ್ರಿಂಟನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ‘ಮಗುವನ್ನು ಹೆದರಿಸಿದ್ದರಿಂದಾಗಲಿ ಹೊಡೆದದ್ದರಿಂದಾಗಲಿ ಉಗ್ಗು ಹುಟ್ಟುವುದಿಲ್ಲ’ ಎಂಬ ಸಾಲಿಗೆ ಬಂದಾಗ ಜರಡಿಯ ಸದ್ದು ನಿಂತಿತು. “ಇನ್ನೊಮ್ಮೆ ಓದು” ಎಂದ. ಓದಿದೆ. ಮತ್ತೊಮ್ಮೆ ಓದಿಸಿದ. “ಇದನ್ನ ನೀ ಬರದೀಯೋ, ಪುಸ್ತಕದಾಗ ಐತೋ?” ಎಂದು ಕೇಳಿದ. ಪುಸ್ತಕದಾಗ ಐತಪ್ಪಾ ಎಂದು ಕೆಳಗಿನ ಮೂರನೆಯ ಅಡಿಟಿಪ್ಪಣಿ ತೋರಿಸಿದೆ. ಅದು ಇಂಗ್ಲಿಷಿನಲ್ಲಿದೆ, ಅಪ್ಪನಿಗೆ ಓದಲು ಬರುವುದಿಲ್ಲ. ಆದರೂ ತೌಡು ಮೆತ್ತಿದ ಬೆರಳನ್ನು ಆ ಸಾಲಿನ ಕೆಳಗೆ ಈ ತುದಿಯಿಂದ ಆ ತುದಿಯವರೆಗೆ ಎಳೆದ.

ಆಮೇಲೆ ಹೇಳಿದ. “ವಿನೋದಗ ಆಗ ನಾಕು ವರ್ಷ. ಗಿರಣಿ ಮಷೀನಿನ ತಿರುಗೋ ಪಟ್ಟಾಕ್ಕ ಕೈ ಹಾಕಾಕ ಹೋಗಿದ್ದ. ನನ್ನ ಜೀವಾ ಹಾರಿಹೋತು. ಎಳದು ಕಪಾಳಕ್ಕ ಹೊಡದೆ. ತಿಂಗಳು ತುಂಬೂದ್ರಾಗ ಮಾತು ಹಿಡ್ಯಾಕ ಹತ್ತಿತು. ನನ್ನ ಕೈಯಿಂದನ ಹಿಂಗಾತು ಅಂತ ಇಷ್ಟು ವರ್ಷ ತಿಳಕೊಂಡೀನಿ. ನಿಮ್ಮವ್ವಗೂ ಹೇಳಿಲ್ಲ.” ನೀನು ಮಾತು ಶುರುಮಾಡಿದ ಕೂಡಲೇ ಅಪ್ಪ “ಆತು, ಬಿಡು” ಎಂದು ಎದ್ದುಹೋಗುತ್ತಿದ್ದನಲ್ಲ. ನಿನ್ನ ಮಾತು ಕೇಳಲು ಅಪ್ಪನಿಗೆ ನಾಚಿಕೆ ಅಂತ ನೀನು ನನ್ನ ಹತ್ತಿರ ಹೇಳಿದ್ದೆ, ನಾನೂ ಹಾಗೇ ಅಂದುಕೊಂಡಿದ್ದೆ. ಅದು ನಾಚಿಕೆ ಅಲ್ಲ. ನೀನು ಒಂದೊಂದು ಅಕ್ಷರಕ್ಕೆ ಒದ್ದಾಡುವಾಗಲೂ ಅಪ್ಪನಿಗೆ ಆ ಹೊಡೆತ ನೆನಪಾಗುತ್ತಿತ್ತು. ಹೇಳಿ ಮುಗಿಸಿದವನು ಕರೆಂಟು ಇಲ್ಲದಿದ್ದರೂ ಹೋಗಿ ಸ್ವಿಚ್ಚು ಹಾಕಿದ, ತೆಗೆದ, ಮತ್ತೆ ಹಾಕಿದ. ಅವತ್ತಿನಿಂದ ಅವನಿಗೂ ನನ್ನ ಹಾಗೇ ಆಗಿದೆ, ಒಂದು ಕಡೆ ನಿಲ್ಲುತ್ತಿಲ್ಲ.

ಲೇಖನ ಈಗ ಇಪ್ಪತ್ತಾರು ಸಾಲಾಗಿದೆ, ಆ ಸಂಪಾದಕರೂ ಒಪ್ಪಿದ್ದಾರೆ. ಅಂಕ ಎಷ್ಟು ಬರುತ್ತದೋ ಗೊತ್ತಿಲ್ಲ. ಒಂದು ಪ್ರಿಂಟು ಇದರ ಜೊತೆ ಇಟ್ಟಿದ್ದೇನೆ, ತಪ್ಪಿದ್ದರೆ ನೀನೇ ತಿದ್ದು. ಇದರಲ್ಲಿ ನಿನಗಿಂತ ತಿಳಿದವರು ಯಾರೂ ಇಲ್ಲ. ಅವ್ವ ನಿನಗೆ ನೂರು ವರ್ಷದ ಆಯುಷ್ಯ ಬೇಡಿಕೊಂಡಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ಪಾಳಿ ಮುಗಿದ ಮೇಲಾದರೂ ನಿದ್ದೆ ಮಾಡು.

ನಿನ್ನ ಬಾಯಿಬಡಕಿ ತಂಗಿ,
ಶಿವರಂಜನಿ

ತಾ.ಕ.: ಇದನ್ನು ಅಂಚೆಗೆ ಹಾಕುತ್ತಿಲ್ಲ. ಅಪ್ಪ ಗಿರಣಿಗೆ ಬೀಗ ಹಾಕಿ, ಧೋತರ ಬದಲಿಸಿ, ಹುಬ್ಬಳ್ಳಿ ಬಸ್ಸಿಗೆ ಹೊತ್ತಾತು ಎಂದು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಮೊದಲೇ ತಿಳಿಸಿದರೆ ನೀನು ಡ್ಯೂಟಿ ಅಂತ ತಪ್ಪಿಸಿಕೊಂಡೀಯೆಂದು ನಾನೇ ತಿಳಿಸಲಿಲ್ಲ. ನೀನು ಇದನ್ನು ಓದುವಾಗ ಅವನು ನಿನ್ನ ಎದುರಿಗೇ ಇರುತ್ತಾನೆ. ಬುಧವಾರದಿಂದ ಒಂದು ಮಾತನ್ನು ಕಟ್ಟುತ್ತಿದ್ದಾನೆ, ಇನ್ನೂ ಕೂಡಿಬಂದಿಲ್ಲ. ಅಷ್ಟು ಬೇಗ ಬಾಯಿಗೆ ಬರಲಿಕ್ಕಿಲ್ಲ. ಪತ್ರ ಮಡಚಿಟ್ಟು, ಅವನನ್ನು ಕೂರಿಸಿಕೊಂಡು, ಕಾಯು.